ಬೋರ್ಡಿನಲ್ಲಿ 'ಡಾಕ್ಟರ್' ಅಂತಿದ್ದರೆ ಸಾಕೇ? ಚಿಕಿತ್ಸೆ ಕೊಡುವವರ ನೋಂದಣಿ ಮತ್ತು ಕೆಲಸದ ವ್ಯಾಪ್ತಿ ನೋಡುವ ಬಗೆ

ಚಿಕಿತ್ಸೆ ಕೊಡುವವರ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಕೈಗುಣ ಚೆನ್ನಾಗಿದೆಯಾ? ಕಾನೂನಿಗೆ ಕೈಗುಣ ಗೊತ್ತಿಲ್ಲ. ಅದು ಕೇಳುವುದು ಮೂರು ವಿಷಯ. ಇವರ ಹೆಸರು ಯಾವ ರಿಜಿಸ್ಟರಿನಲ್ಲಿದೆ? ಆ ನೋಂದಣಿ ಇವತ್ತಿಗೂ ಚಾಲ್ತಿಯಲ್ಲಿದೆಯೇ? ಈಗ ಮಾಡಲು ಹೊರಟಿರುವ ಕೆಲಸಕ್ಕೆ ಆ ನೋಂದಣಿ ಅವಕಾಶ ಕೊಡುತ್ತದೆಯೇ?

ಮೊದಲ ಎರಡನ್ನು ಕೆಲವರಾದರೂ ನೋಡುತ್ತಾರೆ. ಮೂರನೆಯದರ ತಂಟೆಗೆ ಹೋಗುವವರು ಬಹಳ ಕಡಿಮೆ. ನಕಲಿ ಡಾಕ್ಟರ್ ಸಿಕ್ಕಿಬಿದ್ದರೆ ಪೇಪರಿನಲ್ಲಿ ಬರುತ್ತದೆ. ಅಸಲಿ ಸರ್ಟಿಫಿಕೇಟ್ ಗೋಡೆಗೆ ತಗುಲಿಸಿ, ತಮ್ಮದಲ್ಲದ ಕೆಲಸ ಮಾಡುವವರು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಮೂರನೆಯ ಪ್ರಶ್ನೆಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ಅವರ ವೃತ್ತಿಗೆ ಯಾವ ಕಾಯ್ದೆ, ಯಾವ ಕೌನ್ಸಿಲ್ ಅಂತ ತಿಳಿದುಕೊಳ್ಳಿ

ಭಾರತದಲ್ಲಿ ಎಲ್ಲ ಆರೋಗ್ಯ ವೃತ್ತಿಗಳಿಗೂ ಸೇರಿ ಒಂದೇ ಕಾಯ್ದೆ ಇಲ್ಲ. ಒಂದೊಂದು ವೃತ್ತಿಗೆ ಒಂದೊಂದು ಇದೆ.

ಎಂಬಿಬಿಎಸ್ ಮತ್ತು ಅದರ ಮೇಲಿನ ಅಲೋಪತಿ ವೈದ್ಯರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ. ರಾಜ್ಯದಲ್ಲಿ ಅವರ ರಿಜಿಸ್ಟರ್ ಇರುವುದು ಕರ್ನಾಟಕ ಮೆಡಿಕಲ್ ಕೌನ್ಸಿಲ್ ಹತ್ತಿರ. ಆಯುರ್ವೇದ, ಯುನಾನಿ, ಸಿದ್ಧ ವೈದ್ಯರಿಗೆ 2020ರ ಬೇರೆ ಕಾಯ್ದೆ, ಹೋಮಿಯೋಪತಿಗೆ ಅದೇ ವರ್ಷದ ಮತ್ತೊಂದು. ಕರ್ನಾಟಕದಲ್ಲಿ ಆಯುರ್ವೇದ-ಯುನಾನಿಗೆ ಒಂದು ಮಂಡಳಿ, ಹೋಮಿಯೋಪತಿಗೆ ಇನ್ನೊಂದು ಮಂಡಳಿ. ಫಾರ್ಮಸಿಸ್ಟರಿಗೆ 1948ರ ಫಾರ್ಮಸಿ ಕಾಯ್ದೆ ಮತ್ತು ರಾಜ್ಯ ಫಾರ್ಮಸಿ ಕೌನ್ಸಿಲ್. ದಂತವೈದ್ಯರಿಗೂ ನರ್ಸ್‌ಗಳಿಗೂ ಸಂಸತ್ತು 2023ರಲ್ಲಿ ಹೊಸ ಆಯೋಗಗಳ ಕಾಯ್ದೆ ಪಾಸು ಮಾಡಿದೆ. ಆದರೆ ನಿಮಗೆ ಬೇಕಾದ ಹೆಸರು ಸಿಗುವುದು ರಾಜ್ಯದ ರಿಜಿಸ್ಟರಿನಲ್ಲೇ.

ಕ್ಲಿನಿಕಲ್ ಸೈಕಾಲಜಿಸ್ಟ್, ಶ್ರವಣ ಮತ್ತು ಮಾತಿನ ಚಿಕಿತ್ಸಕರು, ವಿಶೇಷ ಶಿಕ್ಷಕರು, ಕೃತಕ ಕೈಕಾಲು ಮಾಡಿ ಜೋಡಿಸುವವರು – ಇವರೆಲ್ಲ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಕೆಳಗೆ ಬರುತ್ತಾರೆ. ಅವರ ಪಟ್ಟಿಗೆ ಕೇಂದ್ರ ಪುನರ್ವಸತಿ ರಿಜಿಸ್ಟರ್ ಅಂತ ಹೆಸರು. ಆಡುಮಾತಿನಲ್ಲಿ 'ಸಿಆರ್‌ಆರ್ ನಂಬರ್' ಅನ್ನುತ್ತಾರೆ.

ಇನ್ನು ಬಹುಕಾಲ ಯಾರ ಲೆಕ್ಕಕ್ಕೂ ಬಾರದೆ ಉಳಿದಿದ್ದವರು ಫಿಸಿಯೋಥೆರಪಿಸ್ಟ್, ಲ್ಯಾಬ್ ಟೆಕ್ನೀಷಿಯನ್, ಆಪ್ಟೊಮೆಟ್ರಿಸ್ಟ್, ಡಯಟಿಷಿಯನ್, ಎಕ್ಸ್‌ರೇ ಟೆಕ್ನೀಷಿಯನ್, ಡಯಾಲಿಸಿಸ್ ಟೆಕ್ನೀಷಿಯನ್ ಮೊದಲಾದವರು. ಇವರಿಗಾಗಿ 2021ರಲ್ಲಿ ಸಹ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. 50ಕ್ಕೂ ಹೆಚ್ಚು ವೃತ್ತಿಗಳನ್ನು ಅದು 10 ಗುಂಪುಗಳಲ್ಲಿ ಇಟ್ಟಿದೆ. ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಡಿಗ್ರಿ ಇದ್ದವರು 'ಸಹ ಆರೋಗ್ಯ ವೃತ್ತಿಪರರು'. ಕನಿಷ್ಠ 3,600 ಗಂಟೆಗಳ ಡಿಗ್ರಿ ಇದ್ದವರು 'ಆರೋಗ್ಯ ವೃತ್ತಿಪರರು'. ವಾರಾಂತ್ಯದ ಕೋರ್ಸ್ ಮುಗಿಸಿ ಬಿಳಿ ಕೋಟು ಹಾಕಿಕೊಂಡವರು ಈ ಎರಡರಲ್ಲಿ ಯಾವುದೂ ಅಲ್ಲ.

ಈ ಕಾಯ್ದೆ ಬಂದಿದ್ದೇನೋ ಬಂತು, ರಾಜ್ಯಗಳು ಕೌನ್ಸಿಲ್ ಕಟ್ಟಲು ಹಿಂದೆಮುಂದೆ ನೋಡಿದವು. ಕೊನೆಗೆ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಹಾಕಬೇಕಾಯಿತು. ಹಾಗಾಗಿ ಫಿಸಿಯೋಥೆರಪಿಸ್ಟ್ ಒಬ್ಬರ ಹೆಸರು ರಾಜ್ಯ ಕೌನ್ಸಿಲಿನ ಪಟ್ಟಿಯಲ್ಲಿ ಸಿಗಲಿಲ್ಲ ಅಂದ ತಕ್ಷಣ ಅವರನ್ನು ನಕಲಿ ಅನ್ನಬೇಡಿ. ಡಿಗ್ರಿ ಎಲ್ಲಿಯದು ಅಂತ ಕೇಳಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಕಡೆಯಿಂದ ಪೂರ್ತಿ ಅವಧಿಯ ಡಿಗ್ರಿ ಪಡೆದವರು ಅದನ್ನು ತೋರಿಸಲು ಹಿಂಜರಿಯುವುದಿಲ್ಲ.

ಹೆಜ್ಜೆ 2: ನಂಬರ್ ಕೇಳಿ, ಹುಡುಕಿ ನೋಡಿ

ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್‌ನಲ್ಲಿ ಕಾಣುವಂತೆ ಹಾಕಬೇಕು. ಔಷಧ ಚೀಟಿ, ಸರ್ಟಿಫಿಕೇಟ್, ಹಣದ ರಸೀದಿಯ ಮೇಲೂ ಅದು ಇರಬೇಕು. ವೈದ್ಯರ ನಡವಳಿಕೆ ಕುರಿತ 2002ರ ನಿಯಮಾವಳಿ ಹೀಗೆ ಹೇಳುತ್ತದೆ. ಅಂದರೆ ನೀವು ಕೇಳುತ್ತಿರುವುದು ಅವರೇ ಕೊಡಬೇಕಾದ ಮಾಹಿತಿ. 'ನಂಬಿಕೆ ಇಲ್ವಾ?' ಅಂತ ಮುಖ ಸಿಂಡರಿಸಿದರೆ ಅದೇ ಒಂದು ಸುಳಿವು.

ನಂಬರ್ ಸಿಕ್ಕ ಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಭಾರತೀಯ ವೈದ್ಯಕೀಯ ರಿಜಿಸ್ಟರ್ ತೆರೆಯಿರಿ. ಹೆಸರು ಹಾಕಿಯೂ ಹುಡುಕಬಹುದು, ನಂಬರ್ ಹಾಕಿಯೂ ಹುಡುಕಬಹುದು. ನಂಬರ್ ಹಾಕುವುದೇ ಒಳ್ಳೆಯದು. ಒಂದೇ ಹೆಸರಿನ ಹತ್ತಾರು ಮಂದಿ ಇರುತ್ತಾರೆ, ಇನಿಷಿಯಲ್ ಬೇರೆ ಹಿಂದೆಮುಂದಾಗಿರುತ್ತದೆ. ಬಂದ ವಿವರದಲ್ಲಿ ತಂದೆಯ ಹೆಸರು, ಓದಿದ ವಿಶ್ವವಿದ್ಯಾಲಯ, ನೋಂದಣಿ ವರ್ಷ ನೋಡಿ. ಸುಮಾರು 30 ವರ್ಷದವರ ಮುಂದೆ 1982ರ ನೋಂದಣಿ ಕಂಡರೆ ಅದು ಬೇರೆಯವರ ನಂಬರ್.

ಕರ್ನಾಟಕದಲ್ಲಿ ವೈದ್ಯರು ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಸಿಆರ್‌ಆರ್ ನಂಬರಿಗೂ ನವೀಕರಣ ಇದೆ. ಆನ್‌ಲೈನಿನಲ್ಲಿ ಸ್ಪಷ್ಟ ಉತ್ತರ ಸಿಗದಿದ್ದರೆ ಕೌನ್ಸಿಲ್‌ಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 'ಈ ಸಂಖ್ಯೆಯ ನೋಂದಣಿ ಯಾರ ಹೆಸರಿನಲ್ಲಿದೆ, ಇಂದಿಗೆ ಚಾಲ್ತಿಯಲ್ಲಿದೆಯೇ' – ಇಷ್ಟೇ ಕೇಳಿ. ಉದ್ದ ಬರೆದಷ್ಟೂ ಉತ್ತರ ಜಾರಿಕೊಳ್ಳುತ್ತದೆ.

ವ್ಯಕ್ತಿಯ ನೋಂದಣಿ ಬೇರೆ, ಜಾಗದ ನೋಂದಣಿ ಬೇರೆ. ಕರ್ನಾಟಕದ ಖಾಸಗಿ ಕ್ಲಿನಿಕ್, ಲ್ಯಾಬ್, ನರ್ಸಿಂಗ್ ಹೋಮ್, ಫಿಸಿಯೋಥೆರಪಿ ಸೆಂಟರ್‌ಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು. ಎಲ್ಲರೂ ಕರೆಯುವುದು ಕೆಪಿಎಂಇ ಅಂತ. ಆ ಸರ್ಟಿಫಿಕೇಟ್ ಯಾವ ಪದ್ಧತಿಯ, ಯಾವ ಬಗೆಯ ಸಂಸ್ಥೆಗೆ ಕೊಟ್ಟಿದ್ದು ಅಂತ ಓದಿ. ಆಯುರ್ವೇದ ಕ್ಲಿನಿಕ್ ಅಂತ ನೋಂದಾಯಿಸಿ ಒಳಗೆ ಡ್ರಿಪ್ ಸ್ಟ್ಯಾಂಡ್‌ಗಳ ಸಾಲು ಇದ್ದರೆ ಕೇಳಬೇಕಾದ ಪ್ರಶ್ನೆಗಳಿವೆ.

ಹೆಜ್ಜೆ 3: ಹೆಸರಿನ ಹಿಂದೆಮುಂದೆ ಇರುವ ಅಕ್ಷರಗಳನ್ನು ಓದಿ

ಹೆಸರಿನ ಮುಂದಿರುವ 'ಡಾ.' ನಿಮಗೆ ಏನನ್ನೂ ಹೇಳುವುದಿಲ್ಲ. ಪಿಎಚ್‌ಡಿ ಮಾಡಿದವರಿಗೂ ಅದೇ, ಹಲ್ಲಿನ ವೈದ್ಯರಿಗೂ ಅದೇ. ಫಿಸಿಯೋಥೆರಪಿಸ್ಟರು ಅದನ್ನು ಬಳಸಬಹುದೇ ಅನ್ನುವ ಜಗಳ ಎಷ್ಟು ಗೋಜಲಾಗಿದೆ ಅಂದರೆ, 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಬಳಸಬಾರದು ಅಂತ ಪತ್ರ ಬರೆದು, ಮರುದಿನವೇ ಅದನ್ನು ವಾಪಸ್ ತೆಗೆದುಕೊಂಡಿತು. ಹಾಗಾಗಿ ಹೆಸರಿನ ಕೊನೆಯಲ್ಲಿ ಏನಿದೆ ಅನ್ನುವುದೇ ಮುಖ್ಯ.

ಎಂಡಿ ಅಂದರೆ ಅಲೋಪತಿ ಎಂಡಿಯೇ ಆಗಬೇಕಿಲ್ಲ. ಆಯುರ್ವೇದದಲ್ಲೂ ಹೋಮಿಯೋಪತಿಯಲ್ಲೂ ಎಂಡಿ ಇದೆ. ಅದು ತಪ್ಪೇನಲ್ಲ, ಬೋರ್ಡಿನಲ್ಲಿ ಯಾವ ಪದ್ಧತಿ ಅಂತ ಬರೆಯದೆ ಬಿಟ್ಟರೆ ಮಾತ್ರ ತಪ್ಪು. 'ಎಂಡಿ, ಪರ್ಯಾಯ ವೈದ್ಯ' ಅಂತಲೋ 'ಎಲೆಕ್ಟ್ರೋ ಹೋಮಿಯೋಪತಿ' ಅಂತಲೋ ಇದ್ದರೆ ಅದು ಮೇಲೆ ಹೇಳಿದ ಯಾವ ರಿಜಿಸ್ಟರಿಗೂ ಸೇರುವ ಡಿಗ್ರಿ ಅಲ್ಲ. ಹಾಗೆಯೇ ಹಳ್ಳಿಗಳ ಕಡೆ 'ಆರ್‌ಎಂಪಿ ಡಾಕ್ಟ್ರು' ಅನ್ನುವ ಮಾತಿದೆ. ಕಾನೂನಿನಲ್ಲಿ ಆ ಮೂರು ಅಕ್ಷರ ಸೂಚಿಸುವುದು ನೋಂದಾಯಿತ ವೈದ್ಯರನ್ನು. ಬೋರ್ಡಿನಲ್ಲಿ ಆರ್‌ಎಂಪಿ ಅಂತಷ್ಟೇ ಇದ್ದು ಡಿಗ್ರಿಯೂ ನಂಬರೂ ಇಲ್ಲದಿದ್ದರೆ ಅದಕ್ಕೆ ಕವಡೆ ಕಿಮ್ಮತ್ತೂ ಇಲ್ಲ.

'ತಜ್ಞ' ಅನ್ನುವ ಪದಕ್ಕೂ ನಿಯಮ ಇದೆ. ಆ ವಿಭಾಗದಲ್ಲಿ ವಿಶೇಷ ಅರ್ಹತೆ ಇಲ್ಲದ ವೈದ್ಯರು ತಮ್ಮನ್ನು ತಜ್ಞರೆಂದು ಕರೆದುಕೊಳ್ಳುವಂತಿಲ್ಲ. ಎಂಬಿಬಿಎಸ್ ಮುಗಿಸಿ, ಸಣ್ಣ ಫೆಲೋಶಿಪ್ ಒಂದನ್ನು ಹಿಡಿದು 'ಮಧುಮೇಹ ತಜ್ಞ', 'ಚರ್ಮರೋಗ ತಜ್ಞ' ಎಂದು ಬರೆಸಿಕೊಂಡಿರುವುದನ್ನು ನೀವೂ ನೋಡಿರುತ್ತೀರಿ. ಜ್ವರ, ನೆಗಡಿಗೆ ಎಂಬಿಬಿಎಸ್ ಧಾರಾಳ ಸಾಕು. ತಜ್ಞರ ಫೀಸು ತೆಗೆದುಕೊಳ್ಳುವವರಲ್ಲಿ ತಜ್ಞರ ಡಿಗ್ರಿ ಇರಬೇಕು, ಅಲ್ವಾ?

ಹೆಜ್ಜೆ 4: ಈ ಕೆಲಸ ಅವರದ್ದೇನಾ?

ನೋಂದಣಿ ಸರಿ ಇದೆ, ಡಿಗ್ರಿ ಸರಿ ಇದೆ. ಆದರೂ ಕಾನೂನು ಪ್ರತಿಯೊಬ್ಬರ ಸುತ್ತ ಒಂದು ಬೇಲಿ ಹಾಕಿದೆ. ಕೆಲವು ಕಡೆ ಬೇಲಿ ಗಟ್ಟಿ, ಕೆಲವು ಕಡೆ ಇನ್ನೂ ಜಗಳದಲ್ಲಿದೆ.

ಮೊದಲು ಪದ್ಧತಿ ದಾಟುವ ವಿಷಯ. 1996ರ ಪೂನಂ ವರ್ಮಾ ಪ್ರಕರಣದಲ್ಲಿ ಹೋಮಿಯೋಪತಿ ಓದಿದ ವೈದ್ಯರೊಬ್ಬರು ಜ್ವರದ ರೋಗಿಗೆ ಅಲೋಪತಿ ಔಷಧ ಕೊಟ್ಟಿದ್ದರು. ರೋಗಿ ತೀರಿಕೊಂಡರು. ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ, ಅದಕ್ಕೆ ಬೇರೆ ಪುರಾವೆ ಬೇಕಿಲ್ಲ ಅನ್ನುವುದು ಸುಪ್ರೀಂ ಕೋರ್ಟ್ ತೀರ್ಪಿನ ಸಾರ. ಎರಡು ವರ್ಷದ ನಂತರ ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ ಇನ್ನೊಂದು ಮಾತು ಸೇರಿತು. ರಾಜ್ಯದ ಕಾನೂನು ಸ್ಪಷ್ಟವಾಗಿ ಅವಕಾಶ ಕೊಟ್ಟಿದ್ದರೆ ಮಾತ್ರ ಭಾರತೀಯ ಪದ್ಧತಿಯ ವೈದ್ಯರು ಅಲೋಪತಿ ಔಷಧ ಬರೆಯಬಹುದು. ಹಾಗಾಗಿ ಆಯುಷ್ ವೈದ್ಯರು ಆಂಟಿಬಯಾಟಿಕ್ ಬರೆದರೆ ಯಾವ ಆದೇಶದ ಮೇಲೆ ಅಂತ ಕೇಳುವುದು ಉದ್ಧಟತನ ಅಲ್ಲ.

ಜಗಳ ಮುಗಿಯದ ಜಾಗವೂ ಇಲ್ಲೇ ಇದೆ. 2020ರ ನವೆಂಬರ್‌ನ ಅಧಿಸೂಚನೆ, ಶಲ್ಯ (ಸಾಮಾನ್ಯ ಶಸ್ತ್ರಚಿಕಿತ್ಸೆ) ಮತ್ತು ಶಾಲಾಕ್ಯ (ಕಣ್ಣು, ಕಿವಿ, ಮೂಗು, ಗಂಟಲು ಮೊದಲಾದವುಗಳ ಚಿಕಿತ್ಸೆ) ವಿಭಾಗಗಳಲ್ಲಿ ಸ್ನಾತಕೋತ್ತರ ಓದುವ ಆಯುರ್ವೇದ ವಿದ್ಯಾರ್ಥಿಗಳಿಗೆ 58 ಬಗೆಯ ಶಸ್ತ್ರಕ್ರಿಯೆಗಳ ತರಬೇತಿ ಕೊಡಬೇಕು ಎಂದಿತು. ಅದನ್ನು ವಿರೋಧಿಸಿ ಭಾರತೀಯ ವೈದ್ಯಕೀಯ ಸಂಘ ಡಿಸೆಂಬರ್ 11ರಂದು ದೇಶಾದ್ಯಂತ ಮುಷ್ಕರ ಮಾಡಿತು. ರೋಗಿಯಾಗಿ ನೀವು ಗಮನಿಸಬೇಕಾದ್ದು ಇಷ್ಟು: ಆ ಪಟ್ಟಿ ಇರುವುದು ಆ ಎರಡು ವಿಭಾಗಗಳ ಎಂಎಸ್ ಓದಿದವರಿಗೆ, ಬರೀ ಬಿಎಎಂಎಸ್ (ಆಯುರ್ವೇದದ ಮೊದಲ ಡಿಗ್ರಿ) ಆದವರಿಗೆ ಅಲ್ಲ.

ಫಿಸಿಯೋಥೆರಪಿಸ್ಟರ ವಿಷಯದಲ್ಲಿ ತಪ್ಪು ತಿಳಿವಳಿಕೆ ಎರಡೂ ಕಡೆ ಇದೆ. ಡಾಕ್ಟರ್ ಚೀಟಿ ಇಲ್ಲದೆ ಅವರು ಮುಟ್ಟುವಂತಿಲ್ಲ ಅನ್ನುವವರಿದ್ದಾರೆ. ಅದು ಸರಿಯಲ್ಲ. ಅವರು ಪರೀಕ್ಷೆ ಮಾಡಿ, ಸ್ವತಂತ್ರವಾಗಿಯೂ ವೃತ್ತಿ ನಡೆಸಬಹುದು ಅಂತ 2021ರ ಕಾಯ್ದೆಯೇ ಹೇಳುತ್ತದೆ. ವ್ಯಾಯಾಮ, ಕೈಯಿಂದ ಕೊಡುವ ಚಿಕಿತ್ಸೆ, ವಿದ್ಯುತ್ ಮತ್ತು ಶಾಖದ ಉಪಕರಣಗಳು – ಇವು ಅವರ ಕೈಯಲ್ಲಿರುವ ಸಾಧನಗಳು. ಮಾತ್ರೆ ಬರೆಯುವುದು, ಮಂಡಿಯೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕುವುದು ಆ ಪಟ್ಟಿಯಲ್ಲಿಲ್ಲ.

ಮನಸ್ಸಿನ ಚಿಕಿತ್ಸೆಯಲ್ಲಿ ಗೊಂದಲ ಇನ್ನೂ ಜಾಸ್ತಿ. ಸೈಕಿಯಾಟ್ರಿಸ್ಟ್ ಅಂದರೆ ವೈದ್ಯರು, ಔಷಧ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾನಸಿಕ ಪರೀಕ್ಷೆ ಮತ್ತು ಮಾತಿನ ಮೂಲಕ ಚಿಕಿತ್ಸೆ ಮಾಡುತ್ತಾರೆ, ಔಷಧ ಬರೆಯುವುದಿಲ್ಲ. ಸೈಕಾಲಜಿಯಲ್ಲಿ ಬರೀ ಎಂಎಸ್‌ಸಿ ಇದ್ದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವಂತಿಲ್ಲ. ಪುನರ್ವಸತಿ ಪರಿಷತ್ತು ಒಪ್ಪಿದ ಕ್ಲಿನಿಕಲ್ ತರಬೇತಿ ಬೇಕು, ಸಿಆರ್‌ಆರ್ ನಂಬರ್ ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 106ನೇ ಕಲಂ ಈ ಬೇಲಿಯನ್ನು ನೇರವಾಗಿಯೇ ಬರೆದಿದೆ. ತಮ್ಮ ವೃತ್ತಿ ಕ್ಷೇತ್ರ ಅವಕಾಶ ಕೊಡದ ಔಷಧವನ್ನಾಗಲಿ ಚಿಕಿತ್ಸೆಯನ್ನಾಗಲಿ ಯಾರೂ ಸೂಚಿಸುವಂತಿಲ್ಲ. ನನ್ನ ಮಟ್ಟಿಗೆ ಇಷ್ಟು ಸ್ಪಷ್ಟ ವಾಕ್ಯ ಉಳಿದ ಆರೋಗ್ಯ ಕಾಯ್ದೆಗಳಲ್ಲೂ ಇರಬೇಕಿತ್ತು. 'ಲೈಫ್ ಕೋಚ್', 'ಹೀಲರ್' ಅನ್ನುವ ಹೆಸರುಗಳು ಯಾವ ರಿಜಿಸ್ಟರಿನಲ್ಲೂ ಇಲ್ಲ. ಅವರೊಡನೆ ಮಾತಾಡಬೇಡಿ ಅಂತಲ್ಲ. ಖಿನ್ನತೆಯ ಮಾತ್ರೆ ನಿಲ್ಲಿಸಿ ಅಂತ ಅವರು ಹೇಳಿದರೆ ಮಾತ್ರ ಎದ್ದು ಬನ್ನಿ.

ಮೆಡಿಕಲ್ ಶಾಪಿಗೆ ಬನ್ನಿ. ಚೀಟಿ ನೋಡಿ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ಗೋಡೆಯ ಮೇಲೆ ಒಬ್ಬರ ಸರ್ಟಿಫಿಕೇಟ್, ಕೌಂಟರಿನಲ್ಲಿ ಇನ್ನೊಬ್ಬ ಹುಡುಗ – ಇದು ಎಲ್ಲೆಡೆ ಕಾಣುವ ದೃಶ್ಯ. ಫಾರ್ಮಸಿಸ್ಟ್ ಹೆಸರು ಮತ್ತು ನೋಂದಣಿ ಸಂಖ್ಯೆ ಇರುವ ಬ್ಯಾಡ್ಜ್ ಹಾಕಬೇಕು ಅಂತ 2015ರ ನಿಯಮ ಹೇಳುತ್ತದೆ. ಔಷಧ ನಿಯಮಗಳಲ್ಲಿರುವ 'ಷೆಡ್ಯೂಲ್ ಎಚ್' ಎಂಬ ಪಟ್ಟಿಯ ಔಷಧಗಳಿಗೆ ಚೀಟಿ ಕಡ್ಡಾಯ. ಅದಕ್ಕಿಂತ ಬಿಗಿಯಾದ ಎಚ್1 ಪಟ್ಟಿಯ ಔಷಧ ಮಾರಿದರೆ ರೋಗಿಯ ಮತ್ತು ವೈದ್ಯರ ಹೆಸರನ್ನು ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಚೀಟಿಯಲ್ಲಿ ಬರೆದ ಷೆಡ್ಯೂಲ್ ಎಚ್ ಔಷಧದ ಬದಲು 'ಅದೇ ಕಂಟೆಂಟು, ಬೇರೆ ಕಂಪನಿ' ಅಂತ ಕೊಡಲು ಅಂಗಡಿಯವರಿಗೆ ಅಧಿಕಾರ ಇಲ್ಲ. ಬದಲಾಯಿಸಬೇಕಾದರೆ ವೈದ್ಯರು ಬರೆದುಕೊಡಬೇಕು.

ಲ್ಯಾಬ್ ಟೆಕ್ನೀಷಿಯನ್ ರಕ್ತ ತೆಗೆಯುತ್ತಾರೆ, ಯಂತ್ರ ನಡೆಸುತ್ತಾರೆ. ವರದಿಗೆ ಸಹಿ ಹಾಕಬೇಕಾದವರು ಪೆಥಾಲಜಿಯಲ್ಲಿ ಸ್ನಾತಕೋತ್ತರ ಮಾಡಿದ ವೈದ್ಯರು ಎಂಬ ನಿಲುವನ್ನು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆಪ್ಟೊಮೆಟ್ರಿಸ್ಟ್ ಕಣ್ಣಿನ ನಂಬರ್ ನೋಡಿ ಕನ್ನಡಕ ಬರೆಯಬಹುದು, ಆಪರೇಷನ್ ಮಾಡುವಂತಿಲ್ಲ.

ಗರ್ಭಿಣಿಯ ಸ್ಕ್ಯಾನಿಂಗ್ ವಿಷಯದಲ್ಲಿ ಬೇಲಿ ಎಲ್ಲಕ್ಕಿಂತ ಗಟ್ಟಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಯಂತ್ರಕ್ಕೂ ಜಾಗಕ್ಕೂ ನೋಂದಣಿ ಬೇಕು. ಸ್ಕ್ಯಾನ್ ಮಾಡುವವರು ಸ್ತ್ರೀರೋಗ ತಜ್ಞರು, ಇಮೇಜಿಂಗ್ ತಜ್ಞರು ಅಥವಾ ನಿಗದಿತ ತರಬೇತಿ ಮುಗಿಸಿದ ನೋಂದಾಯಿತ ವೈದ್ಯರು ಆಗಿರಬೇಕು. ಗರ್ಭಪಾತವೂ ಹಾಗೆಯೇ: ಅನುಮತಿ ಪಡೆದ ಜಾಗ, ಆ ಕೆಲಸದಲ್ಲಿ ತರಬೇತಿ ಇರುವ ಅಲೋಪತಿ ವೈದ್ಯರು. 20 ವಾರದವರೆಗೆ ಒಬ್ಬರ ಅಭಿಪ್ರಾಯ ಸಾಕು. ಅಲ್ಲಿಂದ 24 ವಾರದವರೆಗೆ, ಕಾನೂನು ಹೆಸರಿಸಿದ ಸಂದರ್ಭಗಳಲ್ಲಿ ಮಾತ್ರ, ಇಬ್ಬರ ಅಭಿಪ್ರಾಯ ಬೇಕು.

ಕೂದಲು ಕಸಿ, ಸೌಂದರ್ಯ ಚಿಕಿತ್ಸೆಗಳಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಕೊಟ್ಟಿತು. ಯೂಟ್ಯೂಬ್ ನೋಡಿ ಅಥವಾ ಕಾರ್ಯಾಗಾರದಲ್ಲಿ ಕೂತು ಕಲಿತದ್ದು ತರಬೇತಿ ಆಗುವುದಿಲ್ಲ ಅಂತ ಅದರಲ್ಲಿ ಬರೆಯಬೇಕಾಗಿ ಬಂತು! ಬ್ಯೂಟಿ ಪಾರ್ಲರಿನ ಹಿಂದಿನ ಕೋಣೆಯಲ್ಲಿ ಸೂಜಿ ಹಿಡಿದವರನ್ನು ಕಂಡರೆ ಈ ಮಾತು ನೆನಪಿರಲಿ.

ಹೆಜ್ಜೆ 5: ಆಪರೇಷನ್‌ಗೆ ಸಹಿ ಹಾಕುವ ಮುಂಚೆ

ನಾಲ್ಕು ವಿಷಯ ಬಾಯಿಬಿಟ್ಟು ಕೇಳಿ. ಆಪರೇಷನ್ ಮಾಡುವವರು ಯಾರು, ಅವರ ಡಿಗ್ರಿ ಏನು? ಅರಿವಳಿಕೆ ಕೊಡುವವರು ಯಾರು? ರಾತ್ರಿ ವಾರ್ಡಿನಲ್ಲಿ ಇರುವ ಡ್ಯೂಟಿ ಡಾಕ್ಟರ್ ಎಂಬಿಬಿಎಸ್ಸಾ? ಸಹಿ ಹಾಕುತ್ತಿರುವ ಕಾಗದದಲ್ಲಿ ಯಾವ ಆಪರೇಷನ್ ಹೆಸರಿದೆ? ಖಾಲಿ ಬಿಟ್ಟ ಫಾರಂಗೆ ಸಹಿ ಬೇಡ. ಪರೀಕ್ಷೆಗೆ ಮಾತ್ರ ಒಪ್ಪಿದ್ದ ಮಹಿಳೆಯ ಗರ್ಭಕೋಶವನ್ನೇ ತೆಗೆದ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಒಪ್ಪಿದ ಕೆಲಸವನ್ನು ದಾಟುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಜೀವ ಹೋಗುವ ತುರ್ತು ಇದ್ದರೆ ಮಾತು ಬೇರೆ. ಆಗ ಈ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಡಿ, ಮೊದಲು ಹತ್ತಿರದ ಆಸ್ಪತ್ರೆ ಸೇರಿ.

ಫೋನ್, ವಿಡಿಯೋ ಸಲಹೆಗೂ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಇದೆ. ವಾಟ್ಸಾಪಿನಲ್ಲಿ ಕಳಿಸಿದ ಚೀಟಿಯಲ್ಲೂ ನೋಂದಣಿ ಸಂಖ್ಯೆ ಇರಬೇಕು.

ನೀವೇ ಈ ವೃತ್ತಿಯಲ್ಲಿದ್ದರೆ

ಬೇಲಿ ದಾಟುವವರೆಲ್ಲ ದುರಾಸೆಯಿಂದ ದಾಟುವುದಿಲ್ಲ. ಎಷ್ಟೋ ಸಲ ಮ್ಯಾನೇಜ್‌ಮೆಂಟ್ ಹೇಳಿತು ಅಂತ ನರ್ಸೋ ಟೆಕ್ನೀಷಿಯನ್ನೋ ಕೈ ಹಾಕುತ್ತಾರೆ. 1998ರ ಸ್ಪ್ರಿಂಗ್ ಮೆಡೋಸ್ ಪ್ರಕರಣ ನೋಡಿ. ಯಾವ ನರ್ಸಿಂಗ್ ಕೌನ್ಸಿಲಿನಲ್ಲೂ ಹೆಸರಿಲ್ಲದವರನ್ನು ನರ್ಸ್ ಅಂತ ಇಟ್ಟುಕೊಳ್ಳಲಾಗಿತ್ತು. ಅವರು ಮಗುವಿಗೆ ತಪ್ಪು ಇಂಜೆಕ್ಷನ್ ಕೊಟ್ಟರು, ಮಗುವಿನ ಮೆದುಳಿಗೆ ಸರಿಪಡಿಸಲಾಗದ ಹಾನಿಯಾಯಿತು. ಮಗುವಿಗೆ 12.5 ಲಕ್ಷ, ತಂದೆತಾಯಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಕೆಲಸಕ್ಕೆ ಸೇರುವಾಗ ನಿಮ್ಮ ಕೆಲಸಗಳ ಪಟ್ಟಿಯನ್ನು ಬರಹದಲ್ಲಿ ತೆಗೆದುಕೊಳ್ಳಿ. ವೈದ್ಯರು ಫೋನಿನಲ್ಲಿ ಹೇಳಿದ ಔಷಧವನ್ನು ಸಮಯದ ಸಮೇತ ಕೇಸ್ ಶೀಟಿನಲ್ಲಿ ಬರೆದು, ಅವರು ಬಂದ ತಕ್ಷಣ ಸಹಿ ಹಾಕಿಸಿ. ನಿಮ್ಮದಲ್ಲದ ಕೆಲಸ ಹೇಳಿದರೆ 'ಇದು ನನ್ನ ನೋಂದಣಿಯೊಳಗೆ ಬರುವುದಿಲ್ಲ' ಅಂತ ಮೇಲಧಿಕಾರಿಗೆ ಒಂದು ಸಾಲಿನ ಮೆಸೇಜ್ ಹಾಕಿಡಿ. ಒರಟಾಗಿ ಕಾಣಬಹುದು. ನಾಳೆ ತನಿಖೆ ಬಂದರೆ ನಿಮ್ಮ ಪರವಾಗಿ ಮಾತಾಡುವುದು ಆ ಒಂದು ಸಾಲೇ.

ಹೆಜ್ಜೆ 6: ಎಡವಟ್ಟಾದರೆ ಯಾವ ಬಾಗಿಲು ತಟ್ಟಬೇಕು

ಮೊದಲು ದಾಖಲೆ. ಲಿಖಿತ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕು. ಅರ್ಜಿಯ ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ದೂರು ಕೊಟ್ಟ ಮೇಲೆ ದಾಖಲೆ ಕೇಳಲು ಹೋಗಬೇಡಿ, ದಾಖಲೆ ಕೈಗೆ ಬಂದ ಮೇಲೆ ದೂರು ಕೊಡಿ.

ಆ ವ್ಯಕ್ತಿಗೆ ನೋಂದಣಿಯೇ ಇಲ್ಲದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಿರಿ. ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ಪೊಲೀಸರಿಗೂ ದೂರು ಕೊಡಬಹುದು. ರಿಜಿಸ್ಟರಿನಲ್ಲಿ ಹೆಸರಿಲ್ಲದೆ ಅಲೋಪತಿ ವೈದ್ಯ ವೃತ್ತಿ ನಡೆಸಿದರೆ 2019ರ ಕಾಯ್ದೆಯ 34ನೇ ಕಲಂ ಪ್ರಕಾರ 1 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ನೋಂದಣಿ ಇದ್ದು ಬೇಲಿ ದಾಟಿದ್ದರೆ ಆಯಾ ವೃತ್ತಿಯ ರಾಜ್ಯ ಕೌನ್ಸಿಲ್‌ಗೆ ಹೋಗಿ. ಎಚ್ಚರಿಕೆ ಕೊಡುವುದು, ರಿಜಿಸ್ಟರಿನಿಂದ ಹೆಸರು ತೆಗೆಯುವುದು ಅವರ ಕೈಯಲ್ಲಿದೆ. ಪರಿಹಾರದ ಹಣ ಕೊಡಿಸುವುದು ಅವರ ಕೆಲಸವಲ್ಲ. ವೈದ್ಯರ ವಿರುದ್ಧದ ದೂರನ್ನು 6 ತಿಂಗಳಲ್ಲಿ ತೀರ್ಮಾನಿಸಬೇಕು ಅಂತ ನಿಯಮ ಇದೆ. ಅಷ್ಟರಲ್ಲಿ ಮುಗಿದೇ ಮುಗಿಯುತ್ತದೆ ಅಂತ ಕೂರಬೇಡಿ, ಆ ನಿಯಮವನ್ನೇ ಉಲ್ಲೇಖಿಸಿ ನೆನಪಿನ ಪತ್ರ ಹಾಕುತ್ತಿರಿ.

ಕ್ರಿಮಿನಲ್ ಕೇಸಿನಲ್ಲೂ ನೋಂದಣಿಗೆ ಬೆಲೆ ಇದೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವಾದರೆ 5 ವರ್ಷದವರೆಗೆ ಶಿಕ್ಷೆ. ಚಿಕಿತ್ಸೆ ಮಾಡುವಾಗ ಆಗಿದ್ದರೆ, ನೋಂದಾಯಿತ ಅಲೋಪತಿ ವೈದ್ಯರಿಗೆ ಮಾತ್ರ ಅದು 2 ವರ್ಷದವರೆಗೆ.

ಹಣದ ಪರಿಹಾರ ಬೇಕಿದ್ದರೆ ಗ್ರಾಹಕರ ಆಯೋಗ. ಹಣ ಪಡೆದು ಕೊಡುವ ವೈದ್ಯ ಸೇವೆ ಗ್ರಾಹಕ ಕಾನೂನಿಗೆ ಬರುತ್ತದೆ ಅಂತ 1995ರಲ್ಲೇ ತೀರ್ಮಾನವಾಗಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಇದು ಅನ್ವಯಿಸುವುದಿಲ್ಲ. ನೀವು ಕಟ್ಟಿದ ಮೊತ್ತ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಕೌನ್ಸಿಲ್ ತೀರ್ಪು ಬರಲಿ, ಆಮೇಲೆ ಇಲ್ಲಿಗೆ ಹೋಗೋಣ ಅಂತ ಕಾಯುತ್ತಾ ಕೂತವರು ಎಡವುವುದು ಇಲ್ಲೇ. ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಹಾಕಬೇಕು. ಎರಡನ್ನೂ ಒಟ್ಟಿಗೇ ನಡೆಸಲು ಅಡ್ಡಿಯಿಲ್ಲ.